ಏಳನೇ ಕ್ಯಾಬಿನ್ನು

ನೆಹರೂ ರಸ್ತೆಯ ಸೈಬರ್ ಸೆಂಟರ್ ಬಾಗಿಲು ಹಾಕಿದ ದಿನ
ಎಂಟುನೂರಕ್ಕೆ ತಂದ ಡಬ್ಬ ಇದು.
ಬೆನ್ನ ಮೇಲೆ ಇನ್ನೂ ಅಂಟಿದೆ ಚೀಟಿ: ‘ಕ್ಯಾಬಿನ್ ೭,
ಅರ್ಧ ಗಂಟೆಗೆ ಹತ್ತು ರೂಪಾಯಿ.’
ಎಷ್ಟು ಪಿಯುಸಿ ಫಲಿತಾಂಶ ಕಂಡಿತ್ತೋ,
ಇದರೆದುರು ಎಷ್ಟು ಜನ ಕಣ್ಣೊರೆಸಿಕೊಂಡು ಎದ್ದರೋ.
ಕೀಲಿಮಣೆಯ ಎಸ್ ಗುಂಡಿ ಎಂದೋ ಕಿತ್ತುಹೋಗಿದೆ.

ಈಗ ಗೋಪಾಳದ ನಮ್ಮ ನಡುಮನೆಯಲ್ಲಿ
ಇದಕ್ಕೆ ಒಂದೇ ನೌಕರಿ, ದನಿಯನ್ನು ಕೇರುವುದು.
ಭಾರದ್ದು ಇತ್ತ, ಹಗುರದ್ದು ಅತ್ತ.
ಎರಡು ಸಾವಿರದ ಇನ್ನೂರಕ್ಕೆ ಗಡಿ ಹಾಕಿದ್ದೇನೆ:
ಕೆಳಗಿನದೆಲ್ಲ ಹಸಿರು ತೂತಿನಿಂದ ಹೊರಟು ದೊಡ್ಡ ಕೋನಿಗೆ,
ಮೇಲಿನದೆಲ್ಲ ಕಪ್ಪು ತೂತಿನಿಂದ
ನಾಲ್ಕಾಣೆ ಅಗಲದ ರೇಷ್ಮೆ ಗುಮ್ಮಟಕ್ಕೆ.
ಬೇರೆ ಪ್ರಿಆಂಪ್ ಇಲ್ಲ. ಮೌಸಿನ ಚಕ್ರವೇ ವಾಲ್ಯೂಮು.
ಮರಗೆಲಸ ಮಂಡ್ಲಿಯ ಕಾಳಾಚಾರಿಯದು;
‘ಹೆಣದ ಪೆಟ್ಟಿಗೇನ್ರೀ?’ ಅಂತ ಕೇಳಿದವನು
ಹಾಡಿನದು ಅಂದಮೇಲೂ ಅದೇ ರೇಟು ಹೇಳಿದ.

ಕೂಡ್ಲಿಗೆ ಹೋದವರಿಗೆ ಗೊತ್ತು,
ಎರಡು ಹೊಳೆ ಒಂದಾಗುವುದು.
ಇಲ್ಲಿ ಒಂದೇ ಹೊಳೆ ಎರಡಾಗಿ
ಸೋಫಾದ ಮುಂದಿನ ಗಾಳಿಯಲ್ಲಿ ಮತ್ತೆ ಕೂಡಬೇಕು,
ಹೊಲಿಗೆ ಕಾಣದಂತೆ.
ಒಂದು ತಂತಿ ತಿರುಗಾಮುರುಗಾ ಆಯಿತೋ,
ಎರಡೂ ಕೂಗುತ್ತವೆ, ಕೂಡುವಲ್ಲಿ ಮಾತ್ರ
ಹಳ್ಳ.
ಮದುವೆಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಡಕು ನನ್ನ ಕಿವಿಯದು.
ಮೂವತ್ತೊಂದು ವರ್ಷ ಭದ್ರಾವತಿಯ ರೋಲಿಂಗ್ ಮಿಲ್ಲು.
ಕಾದ ಸಲಾಕೆ ಕಿರುಚುತ್ತ ಹೊರಬರುವಾಗ
ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ನೋಡಿ ನಗುತ್ತಿದ್ದೆವು.
ಪರೀಕ್ಷೆಯ ಸ್ವರ ಇಪ್ಪತ್ತರಿಂದ ಏರುತ್ತ ಹೋಗಿ
ಮೂರು ಸಾವಿರ ದಾಟಿತೋ, ನನ್ನ ಪಾಲಿಗೆ ಕರೆಂಟು ಹೋದ ಹಾಗೆ.
ಪರದೆಯ ಮೇಲೆ ಗೆರೆ ಮಾತ್ರ ನಡೆಯುತ್ತಿರುತ್ತದೆ.
ಅವಳು ಇನ್ನೂ ಮುಖ ಹಿಂಡುತ್ತಿರುತ್ತಾಳೆ.
ಆಮೇಲೆ ಅವಳಿಗೂ ಮುಗಿದು
ಎದುರುಮನೆಯ ನಾಯಿಯೊಂದೇ ಉಳಿಯುತ್ತದೆ, ಕೇಳಲಿಕ್ಕೆ.

ಕಿವಿಯಿಂದ ಮೊದಲು ಉದುರಿದ್ದು ಸಕಾರ, ಶಕಾರ.
ಅವಳ ಹೆಸರು ಶಶಿಕಲಾ.
ಬೇರೆಯವರು ಕರೆದರೆ ನನಗೆ ಬರೀ ‘ಇಕಲಾ’.
ನಾನೇ ಕೂಗಿದರೆ ಮಾತ್ರ, ಮೂಳೆಯೊಳಗಿಂದ, ಪೂರ್ತಿ.

ಅದಕ್ಕೇ ಈ ಭಾನುವಾರ ಅವಳನ್ನು ಕೂರಿಸಿದೆ,
ಅವರೆಕಾಯಿಯ ಬುಟ್ಟಿ ಸಮೇತ.
‘ನಿನ್ನ ಕಿವಿ ಕೊಡು. ಸಣ್ಣದು ಜಾಸ್ತಿಯಾ ಕಮ್ಮಿಯಾ ಹೇಳು.’
ಅರ್ಧ ಡೆಸಿಬೆಲ್ ಏರಿಸಿದೆ. ಹೆಬ್ಬೆರಳು ಕೆಳಕ್ಕೆ.
ಇಳಿಸಿದೆ. ಯೋಚಿಸಿದಳು. ಒಂದು ಕಾಯಿ ಸುಲಿದಳು.
‘ಚೊಂಬು ಉಜ್ಜಿದಂಗಿತ್ತು, ಈಗ ಪರವಾಗಿಲ್ಲ.’
ಯಾವ ಮೈಕೂ ನನಗೆ ಹೀಗೆ ಹೇಳಿರಲಿಲ್ಲ.

ನಡುವೆ ಒಮ್ಮೆ ‘ಹಾಕು’ ಅಂದಳು.
ಚಕ್ರ ತಿರುಗಿಸಿದೆ, ಮೇಲಕ್ಕೆ.
ಬುಟ್ಟಿ ಕೆಳಗಿಟ್ಟು ಬಂದು, ನನ್ನ ಮುಂಗೈ ಹಿಡಿದು,
ತುಟಿ ಕಾಣುವ ಹಾಗೆ, ನಿಧಾನ:
‘ಸಾ-ಕು ಅಂದಿದ್ದು.’

ನನಗೆ ಬಹುವಚನ ಬಿಟ್ಟು ಮಾತಾಡದವಳು.
‘ಹಾಕು’ ಎಂದಾಳೆಯೇ ಅಂತ ಒಮ್ಮೆಯೂ ಯೋಚಿಸಲಿಲ್ಲ;
ವಯಸ್ಸಾದ ಮೇಲೆ ಸಲಿಗೆ ಬಂತೆಂದು ಒಳಗೊಳಗೇ ಹಿಗ್ಗಿದ್ದೆ.
ಊಟದ ಎಲೆಯ ಮುಂದೆ, ಜಗಳದ ನಡುರಾತ್ರಿ, ನೆಂಟರ ಎದುರು
ಎಷ್ಟು ಸಾಕುಗಳು ಹಾಕುಗಳಾಗಿ ನನ್ನನ್ನು ತಲುಪಿದವೋ,
ನಾನು ಹಾಕುತ್ತಲೇ ಹೋದೆನೋ: ಅನ್ನ, ಮಾತು, ದನಿ.
ಅವಳೂ ಸುಮ್ಮನಿದ್ದಳು, ಗಂಡಸರೇ ಹೀಗೆ ಎಂದುಕೊಂಡು.

ಚಕ್ರ ಇಳಿಸಿದೆ. ಯಾರದೋ ಶಹನಾಯಿ ಗೋಡೆಗೊರಗಿ ಕೂತಿತು.
ಪಕ್ಕದಲ್ಲಿ ಕೂತು ನಾನೂ ಅವರೆ ಸುಲಿದೆ.
ಅವಳ ತಲೆ ಅಲ್ಲಾಡುವುದನ್ನು ನೋಡಿಯೇ
ಮೇಲಿನ ಸ್ವರ ಎಲ್ಲಿದೆ ಎಂದು ತಿಳಿದುಕೊಂಡೆ.
ಮುಗಿದಾಗ, ಗೋಡೆಯ ಕಡೆ ಮುಖ ಮಾಡಿ ಏನೋ ಅಂದಳು.
ಎರಡರಲ್ಲಿ ಒಂದು.
ಮೌಸಿನ ಮೇಲೆ ಕೈಯಿಟ್ಟು, ತಿರುಗಿಸದೆ,
‘ಯಾವುದು?’ ಅಂತ ಕೇಳಿದೆ.